ನಾಲ್ಕು ರಾತ್ರಿ ಡೇರೆ ವಾಸಕ್ಕೆ ಐದು ಜನರ ಬಟ್ಟೆ ಎಷ್ಟು ಬೇಕು?

ಕಾಳಿದಡದವಳು (ಕಾರವಾರ):
ಕ್ರಿಸ್‌ಮಸ್ ರಜೆಯಲ್ಲಿ ಮೊದಲ ಬಾರಿಗೆ ಡೇರೆಯಲ್ಲಿ ಉಳಿಯಲು ಹೊರಟಿದ್ದೇವೆ. ಎರಡು ರಾತ್ರಿ ಶಿರಸಿ ಹತ್ತಿರ ಒಬ್ಬರ ಅಡಿಕೆ ತೋಟದಲ್ಲಿ, ಆಮೇಲೆ ಯಾಣ ನೋಡಿಕೊಂಡು ಇಳಿದು ಮತ್ತೆರಡು ರಾತ್ರಿ ಕುಮಟಾ ಕಡೆ ಸಮುದ್ರದ ಪಕ್ಕ. ನಾನು, ನನ್ನವರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಅರವತ್ತೆಂಟರ ಅತ್ತೆ. ಕಾರು ಚಿಕ್ಕದು. ಎರಡು ಡೇರೆ, ಒಲೆ, ಪಾತ್ರೆ, ಹಾಸಿಗೆ ತುಂಬಿದ ಮೇಲೆ ಉಳಿಯುವ ಜಾಗ ಅಷ್ಟಕ್ಕಷ್ಟೇ.

ನಿನ್ನೆ ರಾತ್ರಿ ಬಟ್ಟೆಗಳನ್ನು ಮಂಚದ ಮೇಲೆ ಹರಡಿ ಎಣಿಸಿದೆ. ಒಳಉಡುಪು ಬಿಟ್ಟು 61. ನನ್ನವರು ಬಾಗಿಲಲ್ಲಿ ನಿಂತು, "ಇದು ಪ್ರವಾಸವೋ, ಮನೆ ಖಾಲಿ ಮಾಡುವುದೋ?" ಎಂದರು. ತಲೆಗೆ ಮೂರು ಜೊತೆ ಸಾಕು ಎಂಬುದು ಅವರ ತೀರ್ಪು. ಅತ್ತೆಯ ಪ್ರಕಾರ ಬಟ್ಟೆ ಹೆಚ್ಚಾದರೆ ಯಾರೂ ಸಾಯುವುದಿಲ್ಲ, ಕಡಿಮೆಯಾದರೆ ಮಗುವಿಗೆ ಶೀತ. ಇಬ್ಬರ ನಡುವೆ ನಾನು. ಅನುಭವ ಇದ್ದವರು ಹೇಳಿ.

ಘಟ್ಟದ ಮೇಲಿನವ (ಶಿರಸಿ):
61ರಲ್ಲಿ ಸ್ವೆಟರ್ ಎಷ್ಟು?

ಕಾಳಿದಡದವಳು:
ಒಂದು. ಅತ್ತೆಯದು.

ಘಟ್ಟದ ಮೇಲಿನವ:
ಅಂದುಕೊಂಡೆ. ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸಿದರೆ ಕಾರವಾರದವರ ಚಳಿಗಾಲ ಮುಗಿಯಿತು. ಅಕ್ಕ, ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಡಿಕೆ ತೋಟಗಳು ಇರುವುದು ಕಣಿವೆಯ ತಗ್ಗಿನಲ್ಲಿ, ಹಳ್ಳದ ಪಕ್ಕದಲ್ಲಿ. ಗುಡ್ಡದ ತಣ್ಣನೆ ಗಾಳಿಯೆಲ್ಲ ರಾತ್ರಿ ಅಲ್ಲಿಗೇ ಬಂದು ಕೂರುತ್ತದೆ. ಬೆಳಿಗ್ಗೆ ಐದಕ್ಕೆ ಅಡಿಕೆ ಸೋಗೆಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಕೇಳಿದರೆ ಮಳೆ ಬಂತೆಂದು ಎದ್ದು ಕೂರುತ್ತೀರಿ.

ಇನ್ನೊಂದು. ಡೇರೆಯೊಳಗೆ ಮಲಗಿದವರ ಉಸಿರಿನ ತೇವವೇ ಒಳಗೋಡೆಯಲ್ಲಿ ನೀರಾಗಿ ನಿಲ್ಲುತ್ತದೆ. ಚೀಲವನ್ನು ಗೋಡೆಗೆ ಒತ್ತಿಟ್ಟರೆ ಬಟ್ಟೆ ಬೆಳಗಾಗುವಷ್ಟರಲ್ಲಿ ತಣ್ಣಗೆ, ಒದ್ದೆ. ತಲೆಗೊಂದು ಬೆಚ್ಚನೆಯ ಅಂಗಿ, ಕಿವಿ ಮುಚ್ಚುವ ಟೋಪಿ, ಮಲಗಲಿಕ್ಕೆಂದೇ ಒಂದು ಜೊತೆ ಕಾಲುಚೀಲ. ಇಷ್ಟನ್ನು ಮೊದಲು ಇಡಿ, ಮಿಕ್ಕದ್ದನ್ನು ಆಮೇಲೆ ಜಗಳ ಮಾಡಿ.

ಊರು ಬಿಟ್ಟವ (ಬೆಂಗಳೂರು, ಮೂಲ ಹೊನ್ನಾವರ):
ಕಾರಿನಲ್ಲಿ ಹೋಗುವವರಿಗೆ ಈ ಲೆಕ್ಕಾಚಾರವೇ ಅನಗತ್ಯ. ಬೆನ್ನ ಮೇಲೆ ಹೊರುವುದಿಲ್ಲವಲ್ಲ. ತುಂಬಿಕೊಂಡು ಹೋಗಿ.

ಮೂರು ಮಕ್ಕಳ ತಾಯಿ (ಅಂಕೋಲಾ):
ಊರು ಬಿಟ್ಟವರೇ, ಹೊರುವುದು ಕಾರು, ಹುಡುಕುವುದು ಯಾರು? ರಾತ್ರಿ ಹನ್ನೊಂದಕ್ಕೆ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮೊಣಕಾಲೂರಿ, 61 ಬಟ್ಟೆಗಳ ರಾಶಿಯಲ್ಲಿ ಮಗುವಿನ ಒಂದು ಒಣ ಚಡ್ಡಿ ಹುಡುಕಿ ನೋಡಿ, ಆಮೇಲೆ ಹೇಳಿ.

ಎಷ್ಟು ಒಯ್ಯುತ್ತೀರಿ ಎನ್ನುವುದರ ಜೊತೆಗೆ ಎಲ್ಲಿಡುತ್ತೀರಿ ಎನ್ನುವುದನ್ನೂ ಈಗಲೇ ತೀರ್ಮಾನಿಸಿ. ಒಮ್ಮೆ ದೇವಿಮನೆ ಘಟ್ಟದ ತಿರುವುಗಳಲ್ಲಿ ನನ್ನ ಎರಡನೆಯವನು ಬೆಳಗಿನ ದೋಸೆಯನ್ನೆಲ್ಲ ನನ್ನ ಮಡಿಲಿಗೆ ಒಪ್ಪಿಸಿದ. ಹನ್ನೆರಡು ಜೊತೆ ಬಟ್ಟೆ ಇತ್ತು. ಎಲ್ಲವೂ ಡಿಕ್ಕಿಯ ತಳದಲ್ಲಿ, ಅದರ ಮೇಲೆ ಡೇರೆ, ಡೇರೆಯ ಮೇಲೆ ಅಕ್ಕಿ. ತಿರುವಿನಲ್ಲಿ ಕಾರು ನಿಲ್ಲಿಸಿ ಡಿಕ್ಕಿ ಖಾಲಿ ಮಾಡುವಂತೆಯೂ ಇಲ್ಲ. ಶಿರಸಿ ಮುಟ್ಟುವವರೆಗೆ ಆ ಮಗು ಅಪ್ಪನ ಪಂಚೆ ಸುತ್ತಿಕೊಂಡು ಸಣ್ಣ ಸ್ವಾಮೀಜಿಯ ಹಾಗೆ ಕೂತಿತ್ತು. ನಾನು ಹಾಗೆಯೇ ಕೂತಿದ್ದೆ, ಅದರ ವಿವರ ಬೇಡ. ಅಂದಿನಿಂದ ಮಕ್ಕಳದ್ದೊಂದು, ನನ್ನದೊಂದು ಜೊತೆ ಕೈಚೀಲದಲ್ಲಿ ಕಾಲ ಬುಡದಲ್ಲಿಯೇ.

ಗಜಕಟ್ಟಿಗೆ (ಕುಮಟಾ):
ಮೂವತ್ತು ವರ್ಷ ಬಟ್ಟೆ ಅಂಗಡಿಯ ಗಲ್ಲೆಯ ಹಿಂದೆ ಕೂತವನು ನಾನು. ಹೆಚ್ಚು ಬಟ್ಟೆ ಒಯ್ಯಿರಿ ಎನ್ನುವುದೇ ನನಗೆ ಲಾಭ. ಆದರೂ ಇರುವ ಮಾತು ಹೇಳುತ್ತೇನೆ.

ಎಲ್ಲರೂ ದಿನ ಎಣಿಸಿ ಬಟ್ಟೆ ಕಟ್ಟುತ್ತಾರೆ. ನಾಲ್ಕು ದಿನ, ನಾಲ್ಕು ಜೊತೆ, ಇರಲಿ ಎಂದು ಇನ್ನೆರಡು. ಡೇರೆ ವಾಸದಲ್ಲಿ ನೋಡಬೇಕಾದದ್ದು ಎಷ್ಟು ಸಲ ನೆನೆಯುತ್ತೀರಿ, ನೆನೆದದ್ದು ಎಷ್ಟು ಹೊತ್ತಿಗೆ ಒಣಗುತ್ತದೆ ಎನ್ನುವುದನ್ನು. ನಾಲ್ಕು ವರ್ಷದ ಹುಡುಗ ಹಳ್ಳದ ಪಕ್ಕದಲ್ಲಿ ದಿನಕ್ಕೆ ಮೂರು ಸಲ ನೆನೆಯುತ್ತಾನೆ. ಅವನ ಅಪ್ಪ ಒಂದು ಸಲವೂ ಇಲ್ಲ. ಇಬ್ಬರಿಗೂ ಮೂರು ಜೊತೆ ಎಂಬುದು ಯಾವ ನ್ಯಾಯ?

ಇನ್ನು ಒಣಗುವ ವಿಷಯ. ಮಾಮೂಲು ಹವೆಯಲ್ಲಿ ಸುಮ್ಮನೆ ಇಟ್ಟರೂ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದಿರುತ್ತದೆ, ಉಣ್ಣೆ ಶೇ. 16ರಷ್ಟು, ಪಾಲಿಯೆಸ್ಟರ್ ಶೇ. 1 ಕೂಡ ಇಲ್ಲ. ಅದಕ್ಕೇ ಪಾಲಿಯೆಸ್ಟರ್ ಅಂಗಿ ಹಿಂಡಿ ಹಾಕಿದರೆ ನೆರಳಲ್ಲಿಯೂ ಬೇಗ ಒಣಗುತ್ತದೆ. ದಪ್ಪ ಹತ್ತಿಯದು ಕರಾವಳಿಯ ಗಾಳಿಯಲ್ಲಿ ಮರುದಿನಕ್ಕೂ ಜಿಗಿಜಿಗಿ. ಜೀನ್ಸ್ ಅಂತೂ ಮನೆಯಲ್ಲಿಯೇ ಬಿಡಿ. ಒಣಗಿದ್ದಾಗ ಮುಕ್ಕಾಲು ಕಿಲೋ ತೂಗುತ್ತದೆ, ಒದ್ದೆಯಾದರೆ ಕಟ್ಟಿದ ಹಗ್ಗವೇ ಜೋತು ಬೀಳುತ್ತದೆ.

ಎಲ್ಲರಿಗೂ ಮಲಗುವ ಒಂದು ಜೊತೆ ಪ್ರತ್ಯೇಕ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಗಲಿನಲ್ಲಿ ಏನೇ ಆದರೂ ಅದನ್ನು ಮುಟ್ಟಬೇಡಿ.

ಖಾದಿ ಪ್ರೇಮಿ (ಹಳಿಯಾಳ):
ಗಜಕಟ್ಟಿಗೆಯವರೇ, ಹತ್ತಿಯ ಮೇಲೆ ಇಷ್ಟು ಸಿಟ್ಟು ಬೇಡ. ಕುಮಟಾದ ಮಧ್ಯಾಹ್ನ ಎರಡು ಗಂಟೆಗೆ ಪಾಲಿಯೆಸ್ಟರ್ ತೊಟ್ಟು ಮರಳಿನ ಮೇಲೆ ಕೂತರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಅಲ್ಲಿ ತೆಳು ಹತ್ತಿಯೇ ಸರಿ. ಮತ್ತೆ ರಾತ್ರಿ ಬೆಂಕಿಯ ಮುಂದೆ ಕೂರುತ್ತೀರಲ್ಲ, ಒಂದು ಕಿಡಿ ಹಾರಿದರೆ ಪಾಲಿಯೆಸ್ಟರ್ ಕರಗಿ ತೂತಾಗುತ್ತದೆ, ಚರ್ಮಕ್ಕೂ ಅಂಟಿಕೊಳ್ಳುತ್ತದೆ. ಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಗಜಕಟ್ಟಿಗೆ:
ಬೆಂಕಿಯ ಮಾತು ಒಪ್ಪಿದೆ. ಸೆಕೆಯ ಮಾತನ್ನೂ ಅರ್ಧ ಒಪ್ಪಿದೆ. ಜೀನ್ಸ್ ವಿಷಯದಲ್ಲಿ ರಾಜಿ ಇಲ್ಲ.

ಒಂಟಿ ಸವಾರ (ದಾಂಡೇಲಿ):
ನಾನು ಗಣೇಶಗುಡಿ, ಕ್ಯಾಸಲ್‌ರಾಕ್ ಕಡೆಯೆಲ್ಲ ಒಂದೇ ಜೀನ್ಸ್‌ನಲ್ಲಿ ನಾಲ್ಕು ದಿನ ತಿರುಗಿದ್ದೇನೆ. ಏನೂ ಆಗಲಿಲ್ಲ.

ಮೂರು ಮಕ್ಕಳ ತಾಯಿ:
ನಿಮಗೆ ಆಗಲಿಲ್ಲ ಎನ್ನಿ. ಪಕ್ಕದಲ್ಲಿ ಮಲಗಿದವರನ್ನೂ ಒಂದು ಮಾತು ಕೇಳಿ.

ಒಂಟಿ ಸವಾರ:
ಹೆಸರು ನೋಡಿ ಅಕ್ಕ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೂರು ಮಕ್ಕಳ ತಾಯಿ:
ಕಾರಣ ಈಗ ತಿಳಿಯಿತು.

ಉಪ್ಪಿನಗದ್ದೆ (ಗೋಕರ್ಣ ಹೋಬಳಿ):
ಕಡಲಿನ ಎರಡು ದಿನಗಳ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆ ಬಿಸಿಲಿನಲ್ಲಿ ಗರಿಗರಿ ಒಣಗಿದಂತೆ ಕಾಣುತ್ತದೆ, ಸಂಜೆ ಮುಟ್ಟಿದರೆ ಮತ್ತೆ ತೇವ. ನೀರು ಹೋಯಿತು, ಉಪ್ಪು ಎಳೆಯಲ್ಲಿಯೇ ಉಳಿಯಿತು. ಆ ಉಪ್ಪು ರಾತ್ರಿಯ ಗಾಳಿಯಿಂದ ತೇವ ಹೀರುತ್ತದೆ. ನಮ್ಮ ಸಾಣಿಕಟ್ಟೆಯ ಕಲ್ಲುಪ್ಪನ್ನು ಮಳೆಗಾಲದಲ್ಲಿ ಡಬ್ಬದ ಮುಚ್ಚಳ ತೆರೆದು ಇಟ್ಟವರಿಗೆ ಗೊತ್ತಿರುತ್ತದೆ. ಆದ್ದರಿಂದ ಕಡಲಿಗೆ ಇಳಿಯುವ ಬಟ್ಟೆ ತಲೆಗೆ ಒಂದೇ ಜೊತೆ ಇರಲಿ, ಎರಡೂ ದಿನ ಅದನ್ನೇ ತೊಡಿ. ಎರಡನೆಯ ಬಾರಿ ಒದ್ದೆ ಬಟ್ಟೆ ತೊಡುವಾಗ ಒಂದು ಕ್ಷಣ ಮೈ ಝುಮ್ಮೆನ್ನುತ್ತದೆ, ಅಷ್ಟೇ. ಹೇಗಿದ್ದರೂ ಮತ್ತೆ ನೀರಿಗೇ ಹೋಗುವುದು. ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ ಹಿಂಡಬೇಕು. ಜಾಗದವರನ್ನು ಮೊದಲೇ ಕೇಳಿ: ಬಾವಿ ಇದೆಯೇ, ಹಗ್ಗ ಕಟ್ಟಲು ಎರಡು ಮರ ಇವೆಯೇ?

ಪಶ್ಚಿಮದ ಗಾಳಿ:
ಕಲ್ಲುಪ್ಪಿನ ಮಾತು ಬಂತಲ್ಲ, ಮಾವಿನ ಮಿಡಿಗೆ ಈಗಲೂ ಸಾಣಿಕಟ್ಟೆಯ ಉಪ್ಪೇ ಬೇಕು ಎನ್ನುತ್ತಾರೆ ನಮ್ಮಮ್ಮ. ಪುಡಿ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದಂತೆ. ಹೌದೇ?

ಘಟ್ಟದ ಮೇಲಿನವ:
ನಮ್ಮಲ್ಲೂ ಹಾಗೇ ಹೇಳುತ್ತಾರೆ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಅಪ್ಪೆಮಿಡಿಯ ವಿಷಯ ಇಲ್ಲಿ ಶುರುವಾದರೆ ಈ ತಂಗಿ ಬಟ್ಟೆ ಇಲ್ಲದೆಯೇ ಹೊರಡಬೇಕಾಗುತ್ತದೆ.

ಊರು ಬಿಟ್ಟವ:
ಉಂಬಳದ, ಅಂದರೆ ಜಿಗಣೆಯ, ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಎರಡು ಪದರ ಕಾಲುಚೀಲ, ಸುಣ್ಣ, ಹೊಗೆಸೊಪ್ಪು ಕಡ್ಡಾಯ. ಶಿರಸಿ ಕಾಡೆಂದರೆ ಉಂಬಳದ ರಾಜಧಾನಿ.

ಬೆಟ್ಟದ ಹಾದಿ (ಸಿದ್ದಾಪುರ):
ಊರು ಬಿಟ್ಟು ಬಹಳ ವರ್ಷವಾಯಿತು ಎಂದು ಕಾಣುತ್ತದೆ. ಉಂಬಳ ಮಳೆಗಾಲದ ಅತಿಥಿ. ಡಿಸೆಂಬರ್ ಕೊನೆಗೆ ದರಕು (ಉದುರಿದ ಎಲೆ) ಒಣಗಿರುತ್ತದೆ, ಹಳ್ಳದ ಅಂಚಿನಲ್ಲಿ ಒಂದೆರಡು ಸಿಕ್ಕರೆ ಹೆಚ್ಚು. ಈಗ ಹೆದರಬೇಕಾದದ್ದು ಉಣುಗಿಗೆ, ಅಂದರೆ ಉಣ್ಣಿಗೆ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಪತ್ತೆಯಾದ ರೋಗ ಅದು. ನಮ್ಮ ತಾಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲಿಯೂ ಬಂದಿದೆ, ಜೀವಗಳು ಹೋಗಿವೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಹಾಗಾಗಿ ಕಾಡಿನಂಚಿಗೆ ಹೋಗುವಾಗ ಮಕ್ಕಳಿಗೆ ಚಡ್ಡಿ, ಫ್ರಾಕು ಬೇಡ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಬಣ್ಣ ತಿಳಿಯಾಗಿರಲಿ. ಮರಿ ಉಣುಗು ಗಸಗಸೆಯಷ್ಟು ಸಣ್ಣದು, ಕಪ್ಪು ಬಟ್ಟೆಯ ಮೇಲೆ ಕಾಣುವುದಿಲ್ಲ. ದರಕಿನ ಮೇಲೆ ಕೂರಬೇಡಿ, ಬಿದ್ದ ಮಂಗದ ಹತ್ತಿರ ಹೋಗಬೇಡಿ. ತಿರುಗಿ ಬಂದ ಮೇಲೆ ಆ ಬಟ್ಟೆ ಡೇರೆಯೊಳಗೆ ಬರಬಾರದು, ಮೈಯೆಲ್ಲ ನೋಡಿ, ಬಿಸಿನೀರಿನಲ್ಲಿ ಸ್ನಾನ ಮಾಡಿಸಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯ ಬಗ್ಗೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಕಾಳಿದಡದವಳು:
ನನ್ನ 61ರಲ್ಲಿ ಮಗನ ಚಡ್ಡಿಗಳೇ ಒಂಬತ್ತು ಇವೆ. ಉದ್ದ ಪ್ಯಾಂಟು ಒಂದು. ಎಲ್ಲವನ್ನೂ ತಿರುಗಾಮುರುಗಾ ಮಾಡಬೇಕಾಯಿತು.

ಊರು ಬಿಟ್ಟವ:
ಸರಿ, ಉಂಬಳ ಹಿಂತೆಗೆದುಕೊಂಡೆ.

ತೋಟದ ಮನೆ (ಶಿರಸಿ):
ತೋಟದವಳಾಗಿ ನನ್ನದೆರಡು ಮಾತು.

ಒಂದು, ಒಳ್ಳೆಯ ಬಟ್ಟೆ ತರಬೇಡಿ. ಬಾಳೆಯ ಸೊನೆ ತಗುಲಿದರೆ ಆಮೇಲೆ ಕಂದು ಕಲೆ, ಏನು ಮಾಡಿದರೂ ಹೋಗದು. ಅಡಿಕೆ ಬೇಯಿಸಿದ ಚೊಗರು ಅದಕ್ಕಿಂತ ಒಂದು ಕೈ ಮೇಲು. ಡಿಸೆಂಬರ್ ಕೊಯ್ಲಿನ ಕಾಲ, ಹಂಡೆ ಒಲೆಯ ಮೇಲೆಯೇ ಇರುತ್ತದೆ, ಮಕ್ಕಳು ಅಲ್ಲಿಗೇ ಓಡುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅಡಿಕೆಗೆ ಹೋದ ಅಂಗಿಗೂ ಅನ್ವಯಿಸಬಹುದು. ಹಳೆಯದು, ಕಡುಬಣ್ಣದ್ದು ಇರಲಿ. (ಬೆಟ್ಟದ ಹಾದಿಯವರು ತಿಳಿಬಣ್ಣ ಎಂದಿದ್ದು ಕಾಡಿಗೆ, ನಾನು ಹೇಳುವುದು ತೋಟಕ್ಕೆ. ಜಗಳ ಬೇಡ.)

ಎರಡು, ಒಗೆದ ಬಟ್ಟೆಯನ್ನು ದಯವಿಟ್ಟು ಅಂಗಳದ ಅಡಿಕೆಯ ಮೇಲೆ ಹರಡಬೇಡಿ. ಕಳೆದ ವರ್ಷ ನಮ್ಮಲ್ಲಿ ಉಳಿದ ಪ್ರವಾಸಿಗಳು ಒಣಗಲು ಹಾಕಿದ್ದ ಅಡಿಕೆಯ ಮೇಲೆ ನಾಲ್ಕು ಒದ್ದೆ ಟವೆಲ್ ಹಾಸಿ ಯಾಣಕ್ಕೆ ಹೋಗಿದ್ದರು. ನಮ್ಮ ಮಾವ ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಗಂಟುಮೂಟೆ (ಯಲ್ಲಾಪುರ):
ಮಳೆಗಾಲದಲ್ಲಿ ನಮ್ಮ ಬಟ್ಟೆಯೆಲ್ಲ ಒಣಗುತ್ತಿದ್ದದ್ದು ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರ ಗಳದಲ್ಲಿ. ಶಾಲೆಯಲ್ಲಿ ಇಡೀ ತರಗತಿ ಹೊಗೆಯ ವಾಸನೆ. ಬಾಡಿಗೆ ಮನೆಯಲ್ಲಿದ್ದ ಮೇಷ್ಟ್ರೊಬ್ಬರು ಮಾತ್ರ ಸೋಪಿನ ಪರಿಮಳ ಸೂಸುತ್ತಾ ಒದ್ದೆ ಅಂಗಿಯಲ್ಲಿ ಸೀನುತ್ತಿದ್ದರು.

ನನ್ನ ಸಲಹೆ ಒಂದೇ: ಸ್ವೆಟರ್ ಖರೀದಿಗೆ ಓಡಬೇಡಿ, ಎರಡು ಕಂಬಳಿ ಎರವಲು ತನ್ನಿ. ಹೊದೆಯಬಹುದು, ಹಾಸಬಹುದು, ಬೆಳಗಿನ ಚಳಿಗೆ ಕೊಪ್ಪೆ ಹಾಕಿಕೊಂಡು ಕಾಫಿ ಕುಡಿಯಬಹುದು. ತುಸು ಒದ್ದೆಯಾದರೂ ಬೆಚ್ಚಗಿರುತ್ತದೆ. ಕಿಡಿ ಬಿದ್ದರೆ ಅಲ್ಲಿಗಲ್ಲಿಗೇ ಕಮಟಿ ಆರುತ್ತದೆ.

ಪಶ್ಚಿಮದ ಗಾಳಿ:
ಕಂಬಳಿ ಚುಚ್ಚುತ್ತದೆ. ಈಗಿನ ಮಕ್ಕಳು ಹೊದೆಯುವುದಿಲ್ಲ.

ಗಂಟುಮೂಟೆ:
ಬೆಳಗಿನ ಜಾವ ನಾಲ್ಕು ಗಂಟೆಗೆ ಹೊದೆಯುತ್ತಾರೆ, ನೋಡಿ.

ಕ್ಷೇತ್ರವಾಸಿ (ಗೋಕರ್ಣ):
ಗೋಕರ್ಣಕ್ಕೂ ಬರುವುದಾದರೆ ಗಂಡಸರಿಗೆ ಪಂಚೆ ಬೇಕು. ಮಹಾಬಲೇಶ್ವರನ ದರ್ಶನಕ್ಕೆ ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು. ಅಲ್ಲಿಗೆ ಬಂದು ಕೊಳ್ಳುವ ಬದಲು ಮನೆಯಿಂದಲೇ ಎರಡು ತನ್ನಿ. ಪಂಚೆಯಷ್ಟು ದುಡಿಯುವ ಬಟ್ಟೆ ಇನ್ನೊಂದಿಲ್ಲ: ಮೈ ಒರೆಸಲು, ಹೊದೆಯಲು, ಮರಳಿನ ಮೇಲೆ ಹಾಸಲು, ಮಗುವಿಗೆ ನೆರಳು ಕಟ್ಟಲು.

ಒಂಟಿ ಸವಾರ:
ಸ್ವಾಮೀಜಿ ವೇಷಕ್ಕೂ.

ಹಳೆ ಪೆಟ್ಟಿಗೆ (ಹೊನ್ನಾವರ):
ಎಲ್ಲರೂ ಮಕ್ಕಳು, ಗಂಡಸರು ಎಂದಿರಿ. ಆ ಅತ್ತೆಯ ಬಗ್ಗೆ ಒಬ್ಬರೂ ಬರೆಯಲಿಲ್ಲ. ನನಗೂ ಎಪ್ಪತ್ತರ ಹತ್ತಿರ, ಅದಕ್ಕೆ ಹೇಳುತ್ತೇನೆ.

ಸೀರೆ ಐದೂವರೆ ಮೀಟರ್ ಬಟ್ಟೆ. ಡೇರೆಯ ಹಗ್ಗದ ಮೇಲೆ ಅದು ಬೇಗ ಒಣಗುವುದಿಲ್ಲ. ನೆರಿಗೆಯ ಅಂಚು ಇಬ್ಬನಿಯ ಹುಲ್ಲಿನಲ್ಲಿ ಎಳೆದಾಡಿ ಬೆಳಿಗ್ಗೆ ಏಳಕ್ಕೇ ಒದ್ದೆಯಾಗಿರುತ್ತದೆ. ಬಗ್ಗಿ ಒಳಹೋಗುವ ಡೇರೆಯಲ್ಲಿ ಸೀರೆ ಉಡುವುದು ಹೇಗೆ ಎಂದು ಗಂಡಸರು ಯಾರಾದರೂ ಯೋಚಿಸಿದ್ದೀರಾ? ಕಳೆದ ಸಲ ನನ್ನ ಸೊಸೆ, "ಪ್ರವಾಸಕ್ಕೆ ನೈಟಿ ಸಾಕು ಅತ್ತೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ನಾಲ್ಕು ಜನರ ಎದುರು ನಾನು ನೈಟಿಯಲ್ಲಿ ಕೂತವಳಲ್ಲ. ಎರಡೂ ದಿನ ಡೇರೆಯ ಬಾಗಿಲು ಬಿಟ್ಟು ಆಚೆ ಬರಲಿಲ್ಲ. ಹಾಗಾಗಿ ತಂಗಿ, ಅವರಿಗೆ ನಾಲ್ಕು ಸೀರೆ ಎಂದರೆ ನಾಲ್ಕು ಇರಲಿ, ತೆಳುವಾದ ವಾಯಿಲ್ ಸೀರೆ. ನೀವು ಉಳಿಯುವ ತೋಟದವರಲ್ಲಿ ಬಟ್ಟೆ ಬದಲಿಸಲು ಒಂದು ಕೋಣೆ ಕೇಳಿಡಿ. ಕಡಿಮೆ ಮಾಡುವುದಿದ್ದರೆ ನಿಮ್ಮವರದ್ದನ್ನು ಮಾಡಿ.

ತೋಟದ ಮನೆ:
ಅಮ್ಮ, ನಮ್ಮಲ್ಲಿ ಹೆಂಗಸರಿಗೆ ಕೋಣೆ ಕೊಡುತ್ತೇವೆ. ಯಾವ ಮನೆಯವರೂ ಇಲ್ಲ ಎನ್ನಲಾರರು. ನೀವು ಹೇಳಿದ್ದು ನೂರಕ್ಕೆ ನೂರು.

ಕಾಳಿದಡದವಳು:
ಹಳೆ ಪೆಟ್ಟಿಗೆಯವರ ಮಾತನ್ನು ಅತ್ತೆಗೆ ಓದಿ ಹೇಳಿದೆ. "ಇವರ ಊರು ಎಲ್ಲಿ, ಒಂದು ಸಲ ಮನೆಗೆ ಕರೆ" ಎಂದರು.

ಪಟ್ಟಿ ಬದಲಾಯಿತು. ಮಗನಿಗೆ ಆರು ಜೊತೆ, ಮಗಳಿಗೆ ನಾಲ್ಕು, ನನಗೆ ಮೂರು, ಅತ್ತೆಗೆ ನಾಲ್ಕು ಸೀರೆ ಮತ್ತು ರವಿಕೆ, ನನ್ನವರಿಗೆ ಎರಡು ಜೊತೆ, ಎರಡು ಪಂಚೆ. ಮಲಗುವ ಜೊತೆ ಇದರಲ್ಲಿಯೇ ಸೇರಿದೆ. ತಲೆಗೊಂದು ಬೆಚ್ಚನೆಯದು. ಒಟ್ಟು 45. ನನ್ನವರು ಎಣಿಸಿ ನೋಡಿ, "ಇಷ್ಟೆಲ್ಲ ಚರ್ಚೆಯಾಗಿ ಇಳಿದದ್ದು ಹದಿನಾರೇ? ಅದರಲ್ಲಿಯೂ ಪಾಪ ನನ್ನದೇ ಹೆಚ್ಚು!" ಎಂದರು. ಮಗಳು ಹಳದಿ ಫ್ರಾಕನ್ನು ಬಿಡಲು ಒಪ್ಪಲಿಲ್ಲ. ಯಾಣದ ಬಂಡೆ ಕಪ್ಪು, ಹಳದಿ ಚೆನ್ನಾಗಿ ಕಾಣುತ್ತದಂತೆ.

ಗಜಕಟ್ಟಿಗೆ:
120 ಮೀಟರ್ ಎತ್ತರದ ಬಂಡೆಯ ಮುಂದೆ ಬೇರೆ ಯಾವ ಬಣ್ಣವೂ ಕಾಣುವುದಿಲ್ಲ. ಮಗಳು ಸರಿ. ನಿಮ್ಮ ಪಟ್ಟಿಯಲ್ಲಿ ಜೀನ್ಸ್ ಇದೆಯೇ?

ಕಾಳಿದಡದವಳು:
ಇಲ್ಲ.

ಗಜಕಟ್ಟಿಗೆ:
ಧನ್ಯವಾದ.

ಮೂರು ಮಕ್ಕಳ ತಾಯಿ:
ಒಳಉಡುಪನ್ನು ಮಾತ್ರ ದಿನಕ್ಕೊಂದರ ಮೇಲೆ ಎರಡೆರಡು ಹೆಚ್ಚು ಇಡಿ, ಅಲ್ಲಿ ಕಂಜೂಸುತನ ಬೇಡ. ಒದ್ದೆ ಬಟ್ಟೆಗೆಂದು ಖಾಲಿ ಚೀಲ ಎರಡು. ಮತ್ತೆ ಒಬ್ಬೊಬ್ಬರದು ಒಂದೊಂದು ಚೀಲ, ಎಲ್ಲರದನ್ನೂ ಸೇರಿಸಿ ಒಂದು ದೊಡ್ಡ ಪೆಟ್ಟಿಗೆ ಮಾಡಬೇಡಿ. ನನ್ನ ಟಾರ್ಚಿನ ಕಥೆ ನೆನಪಿರಲಿ.

ಬೆಟ್ಟದ ಹಾದಿ:
ದಾರಿಯಲ್ಲಿ ಹಳ್ಳ ಚೆನ್ನಾಗಿದೆ ಎಂದು ಅಲ್ಲೇ ಡೇರೆ ಹೊಡೆಯಬೇಡಿ. ಅನುಮತಿ ಇಲ್ಲದೆ ಅರಣ್ಯದಲ್ಲಿ ತಂಗುವಂತಿಲ್ಲ. ಬೆಂಕಿಯಂತೂ ಬೇಡವೇ ಬೇಡ.

(ಹನ್ನೊಂದು ದಿನಗಳ ನಂತರ)

ಕಾಳಿದಡದವಳು:
ಬಂದೆವು. ಒಗೆದೂ ಆಯಿತು. ಕೇಳಿದವರಿಗೆ ವರದಿ ಒಪ್ಪಿಸುತ್ತಿದ್ದೇನೆ.

ಮಗ ತೋಟಕ್ಕೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ಹಳ್ಳಕ್ಕೆ ಬಿದ್ದ. ಮೊಣಕಾಲುದ್ದ ನೀರು, ಅಪಾಯವೇನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನಕ್ಕೆ ಅವನ ಆರರಲ್ಲಿ ಐದು ಮುಗಿದವು. ನಾವು ಉಳಿದಿದ್ದ ತೋಟದವರು ಬಚ್ಚಲ ಒಲೆಯ ಮೇಲೆ ಹಾಕಿ ಒಣಗಿಸಿ ಕೊಟ್ಟರು. ಈಗಲೂ ಆ ಅಂಗಿಗಳನ್ನು ಮೂಸಿ ನೋಡಿ, "ಅಮ್ಮ, ಶಿರಸಿ ವಾಸನೆ" ಎನ್ನುತ್ತಾನೆ. ಸಮುದ್ರದಲ್ಲಿ ಎರಡು ದಿನವೂ ಒಂದೇ ಚಡ್ಡಿ ಸಾಕಾಯಿತು. ಉಪ್ಪಿನಗದ್ದೆಯವರಿಗೆ ನಮಸ್ಕಾರ.

ಮೊದಲ ರಾತ್ರಿ ನನ್ನವರು ತಮ್ಮ ಹೊಸ ಪಾಲಿಯೆಸ್ಟರ್ ಜಾಕೆಟ್ ತೊಟ್ಟು ಬೆಂಕಿಯ ಮುಂದೆ ಕೂತರು. ತೋಳಿನಲ್ಲಿ ಮೂರು ತೂತು. ಅದನ್ನು ಬಿಚ್ಚಿಟ್ಟು, ಬೆಳಗಿನ ಜಾವ ಅತ್ತೆಯ ಶಾಲು ಹೊದ್ದು ಕೂತಿದ್ದರು. ತಾಯಿ ನಿದ್ದೆಗಣ್ಣಿನಲ್ಲಿ ಮಗನನ್ನು ನೋಡಿ, "ಮೂರು ಜೊತೆ ಸಾಕು ಎಂದವರು ಯಾರಪ್ಪ?" ಎಂದು ಕೇಳಿದ್ದು ಪಕ್ಕದ ಡೇರೆಗೂ ಕೇಳಿಸಿತು.

ಮುಟ್ಟದೆ ಹಿಂದೆ ಬಂದದ್ದು: ನನ್ನ ನೀಲಿ ಚೂಡಿದಾರ್, ಅತ್ತೆಯ ಒಂದು ಸೀರೆ, ಮಗಳ ಒಂದು ಜೊತೆ. ಸಾಲದೆ ಹೋದದ್ದು: ಕಾಲುಚೀಲ. ಎಲ್ಲರ ಕಾಲುಚೀಲವೂ ಮೊದಲ ಬೆಳಿಗ್ಗೆಯೇ ಇಬ್ಬನಿಯಲ್ಲಿ ತೊಯ್ದು ಕೂತವು. ಯಾರೂ ಕಾಲುಚೀಲದ ಸಂಖ್ಯೆ ಹೇಳಿರಲಿಲ್ಲ!

ಹಳದಿ ಫ್ರಾಕಿನ ಚಿತ್ರ ಚೆನ್ನಾಗಿ ಬಂದಿದೆ. ಫ್ರಾಕಿನ ಹಿಂಭಾಗದಲ್ಲಿ ಬಾಳೆಯ ಸೊನೆ ಇದೆ, ಚಿತ್ರದಲ್ಲಿ ಕಾಣುವುದಿಲ್ಲ.

ಘಟ್ಟದ ಮೇಲಿನವ:
ಮಲಗಲಿಕ್ಕೆ ಒಂದು ಜೊತೆ ಬೇರೆ ಇಡಿ ಎಂದು ನಾನು ಹೇಳಿದ್ದೆ. ಮೇಲೆ ಹೋಗಿ ನೋಡಿ.

ಕಾಳಿದಡದವಳು:
ಇಟ್ಟಿದ್ದೆ ಅಣ್ಣ. ಅದನ್ನೇ ತೊಟ್ಟು ಹೊರಗೆ ಓಡಿದವು ಮಕ್ಕಳು.

ಹಳೆ ಪೆಟ್ಟಿಗೆ:
ಅತ್ತೆ ಡೇರೆಯಿಂದ ಆಚೆ ಬಂದರೋ ಇಲ್ಲವೋ, ಅದನ್ನು ಹೇಳು.

ಕಾಳಿದಡದವಳು:
ಬಂದರು ಅಮ್ಮ. ನಾವು ಉಳಿದಿದ್ದ ತೋಟದವರ ಅಜ್ಜಿಯ ಜೊತೆ ಎರಡೂ ದಿನ ಅಂಗಳದಲ್ಲಿ ಕೂತು ಅಡಿಕೆ ಸುಲಿದರು. ಮೂರು ಸೀರೆಗೂ ಕಲೆಯಾಗಿದೆ.